ಮನೆಯ ಬೆಲೆ ಮತ್ತು ದಾರಿಯ ಖರ್ಚು



ಒಂದು ಮನೆಯ ಬೆಲೆ ಎಷ್ಟು ಎಂಬುದನ್ನು ಗೊತ್ತುಮಾಡುವವರು ಯಾರು, ಹೇಗೆ ಗೊತ್ತುಮಾಡುತ್ತಾರೆ ಎಂಬುದು ಇಂದಿನ ಮಾತಿನ ವಿಷಯ. ಇದು ಬ್ಯಾಂಕಿನವರಿಗೂ ಎಂಜಿನಿಯರುಗಳಿಗೂ ಸಂಬಂಧಿಸಿದ್ದು, ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಿಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಓದಲು ಹೊರಟಾಗ ದೊಡ್ಡ ಮೊತ್ತದ ಶಿಕ್ಷಣ ಸಾಲ ಬೇಕಾಗಬಹುದು. ಆಗ ನಿಮ್ಮ ತಂದೆತಾಯಿಯರು ಮನೆಯನ್ನೋ ತೋಟವನ್ನೋ ಬ್ಯಾಂಕಿಗೆ ಅಡಮಾನ ಮಾಡಬೇಕಾಗಿ ಬರಬಹುದು. ಅಂದು ಒಬ್ಬರು ಟೇಪು, ಕ್ಯಾಮೆರಾ ಹಿಡಿದು ನಿಮ್ಮ ಅಂಗಳಕ್ಕೆ ಬರುತ್ತಾರೆ. ಅವರು ಬರೆದ ಅಂಕಿಯ ಮೇಲೆ ನಿಮಗೆ ಸಿಗುವ ಸಾಲ ನಿಂತಿರುತ್ತದೆ. ಹೀಗೆ ಬರುವವರನ್ನು ಮೌಲ್ಯಮಾಪಕರು ಎನ್ನುತ್ತಾರೆ. ಹಳ್ಳಿಯವರ ಬಾಯಲ್ಲಿ ಅವರು ‘ವ್ಯಾಲ್ಯುಯೇಷನ್ ಎಂಜಿನಿಯರು’.

ಈ ಕೆಲಸದಲ್ಲಿ ಎರಡು ಸಣ್ಣ ಸಂಗತಿಗಳಿವೆ. ಒಂದು, ಮೌಲ್ಯಮಾಪಕರು ತೆಗೆಯಬೇಕಾದ ಫೋಟೋ. ಇನ್ನೊಂದು, ಅವರು ಬಂದು ಹೋಗುವ ಖರ್ಚು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಂಥ ಮಲೆನಾಡಿನಲ್ಲಿ ಈ ಎರಡು ಸಣ್ಣ ಸಂಗತಿಗಳೇ ದೊಡ್ಡವಾಗಿಬಿಡುತ್ತವೆ. ಹೇಗೆಂದು ನೋಡೋಣ.

ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳ ಸಾಲು. ಮಲೆನಾಡಿನಲ್ಲಿ ಹಾಗಲ್ಲ. ಗುಡ್ಡದ ಮಗ್ಗುಲಿಗೆ ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ತೋಟದ ಆಚೆ ಹಳ್ಳ, ಹಳ್ಳ ದಾಟಿ ಒಂದು ಮೈಲು ನಡೆದರೆ ಇನ್ನೊಂದು ಮನೆ. ಡಾಂಬರು ರಸ್ತೆ ಮುಗಿದ ಮೇಲೆ ಮಣ್ಣಿನ ರಸ್ತೆ, ಅದೂ ಮುಗಿದ ಮೇಲೆ ಕಾಲುದಾರಿ, ಕೆಲವೆಡೆ ಹಳ್ಳಕ್ಕೆ ಹಾಕಿದ ಕಾಲುಸಂಕ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ಎರಡೂ ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ದಾರಿಯಲ್ಲಿ ಕಾರು ಹೋಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ನೆಲದ ಬೆಲೆಯನ್ನು ನೆಲದ ಮೇಲೆ ನಿಂತೇ ಅಳೆಯಬೇಕು ಎಂಬ ಅರಿವು ಈ ಸೀಮೆಗೆ ಹೊಸದಲ್ಲ. 17ನೆಯ ಶತಮಾನದಲ್ಲಿ ಕೆಳದಿಯ ಅರಸ ಶಿವಪ್ಪನಾಯಕ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿನಿಂದ, ಅಂದರೆ ಈಗಿನ ನಗರದಿಂದ ಆಳುತ್ತಿದ್ದ. ಅವನು ಮಾಡಿದ ಕಂದಾಯ ವ್ಯವಸ್ಥೆಗೆ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರು. ಭೂಮಿಯನ್ನು ಗುಣಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಹಳ್ಳಿಹಳ್ಳಿಯಲ್ಲೂ ಒಂದೊಂದು ದರ್ಜೆಯ ಹೊಲವನ್ನು ಹಲವು ವರ್ಷ ತನ್ನ ಕಡೆಯಿಂದಲೇ ಸಾಗುವಳಿ ಮಾಡಿಸಿದನೆಂದು ಹೇಳುತ್ತಾರೆ. ಬೀಜ ಎಷ್ಟು, ಖರ್ಚು ಎಷ್ಟು, ಫಸಲು ಎಷ್ಟು, ಧಾರಣೆ ಎಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಆಮೇಲೆ ಕಂದಾಯ ನಿಗದಿ ಮಾಡಿದನಂತೆ. ಅರಮನೆಯಲ್ಲಿ ಕುಳಿತು ಒಂದು ಅಂಕಿ ಬರೆದುಬಿಡುವುದು ಅವನಿಗೆ ಕಷ್ಟವಿರಲಿಲ್ಲ. ಆದರೆ ಹಾಗೆ ಬರೆದ ಅಂಕಿಯನ್ನು ರೈತ ಒಪ್ಪುತ್ತಿರಲಿಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಸೀಮೆಯಲ್ಲಿ ಉದಾಹರಣೆಯಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹವನ್ನು ನಿಮ್ಮ ಪಾಠಗಳಲ್ಲಿ ಓದಿರುತ್ತೀರಿ. ಅಲ್ಲಿ ಎದ್ದ ಮುಖ್ಯ ಪ್ರಶ್ನೆಗಳಲ್ಲಿ ಒಂದು, ಗೇಣಿಯ ಭತ್ತವನ್ನು ಯಾವ ಗಾತ್ರದ ಕೊಳಗದಲ್ಲಿ ಅಳೆಯಬೇಕು ಎಂಬುದು. ಕೊಳಗ ಸ್ವಲ್ಪ ದೊಡ್ಡದಾದರೆ ಉಳುವವನ ಮನೆಗೆ ಉಳಿಯುವ ಕಾಳು ಅಷ್ಟು ಕಡಿಮೆ. ಇಂದು ಮೌಲ್ಯಮಾಪಕರ ವರದಿಯೂ ಒಂದು ಬಗೆಯ ಕೊಳಗವೇ. ಅದು ಸರಿಯಾಗಿರಬೇಕು, ಸರಿಯಾಗಿದೆ ಎಂದು ತೋರಿಸುವಂತೆಯೂ ಇರಬೇಕು.

ಈಗ ಮನೆಯ ಬೆಲೆ ಕಟ್ಟುವ ಒಂದು ಸಾಮಾನ್ಯ ವಿಧಾನವನ್ನು ತಿಳಿಯೋಣ. ನಿವೇಶನದ ಬೆಲೆಯನ್ನು ಸುತ್ತಮುತ್ತ ನಡೆದ ಮಾರಾಟಗಳಿಗೆ ಹೋಲಿಸಿ ಗೊತ್ತುಮಾಡುತ್ತಾರೆ. ಕಟ್ಟಡಕ್ಕಾದರೆ, ಅಂಥದೇ ಮನೆಯನ್ನು ಈಗ ಹೊಸದಾಗಿ ಕಟ್ಟಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಅದರಲ್ಲಿ ಸವಕಳಿಯನ್ನು ಕಳೆಯುತ್ತಾರೆ. ಲೆಕ್ಕಕ್ಕಾಗಿ 1,200 ಚದರಡಿಯ ಮನೆಯೊಂದನ್ನು ಇಟ್ಟುಕೊಳ್ಳಿ. ಚದರಡಿಗೆ 1,500 ರೂಪಾಯಿ ಎಂದರೆ ಹೊಸದಾಗಿ ಕಟ್ಟಲು 18 ಲಕ್ಷ ಬೇಕು. ಮನೆಯ ಒಟ್ಟು ಆಯುಸ್ಸು 60 ವರ್ಷ, ಕೊನೆಗೆ ಹೆಂಚು, ಮರಮಟ್ಟುಗಳಿಂದ ಸಿಗುವುದು ನೂರಕ್ಕೆ 10 ಎಂದು ಭಾವಿಸಿ. ಉಳಿದ 90 ಪಾಲು 60 ವರ್ಷದಲ್ಲಿ ಸವೆಯಬೇಕು. ಮನೆಗೆ ಈಗ 20 ವರ್ಷವಾಗಿದ್ದರೆ ಸವೆದಿರುವುದು ನೂರಕ್ಕೆ 30, ಅಂದರೆ 5 ಲಕ್ಷ 40 ಸಾವಿರ ರೂಪಾಯಿ. ಕಟ್ಟಡದ ಈಗಿನ ಬೆಲೆ 12 ಲಕ್ಷ 60 ಸಾವಿರ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಮೌಲ್ಯಮಾಪಕರು ಸ್ಥಳಕ್ಕೆ ಬಾರದೆ, ಯಾರೋ ಹೇಳಿದ್ದನ್ನು ಕೇಳಿಕೊಂಡು, ಮನೆಯ ವಯಸ್ಸು 10 ವರ್ಷ ಎಂದು ಬರೆದರೆನ್ನಿ. ಆಗ ಸವಕಳಿ ನೂರಕ್ಕೆ 15 ಮಾತ್ರ. ಬೆಲೆ 15 ಲಕ್ಷ 30 ಸಾವಿರಕ್ಕೆ ಏರುತ್ತದೆ. ಒಂದೇ ಒಂದು ಅಂಕಿ ತಪ್ಪಿದ್ದಕ್ಕೆ 2 ಲಕ್ಷ 70 ಸಾವಿರ ರೂಪಾಯಿಯ ವ್ಯತ್ಯಾಸ. ಬೆಲೆ ಹೆಚ್ಚಾಗಿ ಬಿದ್ದರೆ ಬ್ಯಾಂಕು, ಅಂದರೆ ಅಲ್ಲಿ ಠೇವಣಿ ಇಟ್ಟವರು, ಅಪಾಯ ಹೊರಬೇಕು. ಕಡಿಮೆಯಾಗಿ ಬಿದ್ದರೆ ಮನೆಯವರಿಗೆ ಬೇಕಾದಷ್ಟು ಸಾಲ ಸಿಗುವುದಿಲ್ಲ.

ಅದಕ್ಕಾಗಿಯೇ ಫೋಟೋ. ಮೌಲ್ಯಮಾಪಕರು ನಿಜವಾಗಿ ಬಂದಿದ್ದರು, ಇದೇ ಮನೆಯನ್ನು ನೋಡಿದರು, ಅಂದು ಅದು ಈ ಸ್ಥಿತಿಯಲ್ಲಿತ್ತು, ಈ ಮೂರಕ್ಕೂ ಫೋಟೋ ಸಾಕ್ಷಿ. ಬ್ಯಾಂಕುಗಳ ನಮೂನೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರಬಹುದು. ಆದರೆ ಒಳ್ಳೆಯ ವರದಿಯಲ್ಲಿ ಇರಬೇಕಾದ ಚಿತ್ರಗಳು ಇವು: ಮನೆಗೆ ಬರುವ ರಸ್ತೆ ಅಥವಾ ದಾರಿ, ಮನೆಯ ಮುಂಭಾಗ, ಹಿಂಭಾಗ, ಎರಡು ಪಕ್ಕಗಳು, ಒಳಗಿನ ಮುಖ್ಯ ಕೋಣೆಗಳು, ಅಡುಗೆಮನೆ, ಬಚ್ಚಲು, ಛಾವಣಿ, ಅದನ್ನು ಹೊತ್ತ ತೊಲೆಜಂತಿಗಳು, ಬಾವಿ, ಕೊಟ್ಟಿಗೆ, ಅಡಿಕೆ ಒಣಗಿಸುವ ಅಂಗಳದಂಥ ಹೊರಗಿನ ಸೌಕರ್ಯಗಳು, ಬಿರುಕು, ಸೋರಿಕೆ, ಗೆದ್ದಲಿನಂಥ ದೋಷಗಳು, ಮನೆಯ ಮುಂದೆ ಮಾಲೀಕರೊಂದಿಗೆ ಮೌಲ್ಯಮಾಪಕರು ನಿಂತ ಒಂದು ಚಿತ್ರ. ಪ್ರತಿಯೊಂದರಲ್ಲೂ ದಿನಾಂಕ, ಸಾಧ್ಯವಾದರೆ ಅಕ್ಷಾಂಶ ರೇಖಾಂಶ ಇರಬೇಕು.

ಇವುಗಳಲ್ಲಿ ನಾಲ್ಕು ದಿಕ್ಕಿನ ಚಿತ್ರಗಳಿಗೆ ನಮ್ಮಲ್ಲಿ ವಿಶೇಷ ಮಹತ್ವವಿದೆ. ನಿಮ್ಮ ಮನೆಯ ಹಳೆಯ ಕ್ರಯಪತ್ರವನ್ನು ತೆರೆದು ನೋಡಿ. ಕೊನೆಯಲ್ಲಿ ಚಕ್ಕುಬಂದಿ ಎಂದು ಬರೆದಿರುತ್ತದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ತೋಟ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಅಗಳ, ಹೀಗೆ. ಪತ್ರದಲ್ಲಿ ಬರೆದದ್ದೂ ನೆಲದ ಮೇಲೆ ಕಾಣುವುದೂ ತಾಳೆಯಾಗುತ್ತದೆಯೇ ಎಂದು ನೋಡುವುದು ಮೌಲ್ಯಮಾಪಕರ ಮೊದಲ ಕೆಲಸ. ಮುಂಬಾಗಿಲಿನ ಅಂದದ ಚಿತ್ರ ಒಂದೇ ಇದ್ದರೆ ಈ ತಾಳೆ ಸಾಧ್ಯವಿಲ್ಲ. ಒಂದು ಮನೆಯನ್ನು ತೋರಿಸಿ ಇನ್ನೊಂದು ಮನೆಯ ಪತ್ರ ಕೊಟ್ಟರೆ ಅದು ಬಯಲಾಗುವುದೂ ಇಲ್ಲಿಯೇ.

ಅಕ್ಷಾಂಶ ರೇಖಾಂಶದ ಬಗ್ಗೆ ಭೂಗೋಳದ ವಿದ್ಯಾರ್ಥಿಗಳಿಗೆ ಒಂದು ಮಾತು. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಹಾಗಾದರೆ ದಶಮಾಂಶದ ಎರಡನೆಯ ಸ್ಥಾನ ಸುಮಾರು 1.1 ಕಿಲೋಮೀಟರ್, ನಾಲ್ಕನೆಯ ಸ್ಥಾನ ಸುಮಾರು 11 ಮೀಟರ್. ‘14.17 ಉತ್ತರ, 75.03 ಪೂರ್ವ’ ಎಂದು ಬರೆದರೆ ಸಾಗರ ಪೇಟೆ ಸಿಗುತ್ತದೆ, ಮನೆ ಸಿಗುವುದಿಲ್ಲ. ಮನೆ ಸಿಗಬೇಕಾದರೆ ದಶಮಾಂಶದ ನಾಲ್ಕಾದರೂ ಸ್ಥಾನಗಳು ಬೇಕು. ಮೊಬೈಲಿಗೆ ನೆಟ್‌ವರ್ಕ್ ಸಿಗದ ಊರಿನಲ್ಲಿ ಇದು ಆಗದೆಂದು ಕೆಲವರು ತಿಳಿದಿದ್ದಾರೆ. ಜಿಪಿಎಸ್ ಕೆಲಸ ಮಾಡುವುದು ಉಪಗ್ರಹದ ಸಂಕೇತದಿಂದ. ನೆಟ್‌ವರ್ಕ್ ಇಲ್ಲದಿದ್ದರೆ ನಕ್ಷೆ ಮೂಡದಿರಬಹುದು, ಅಂಕಿಗಳು ದಾಖಲಾಗುತ್ತವೆ. ದಟ್ಟವಾದ ಮರಗಳ ಕೆಳಗೆ, ಕಣಿವೆಯ ಒಳಗೆ ತಪ್ಪು ಹೆಚ್ಚು. ಆದ್ದರಿಂದ ಅಂಗಳದ ಬಯಲಿಗೆ ಬಂದು, ಸ್ವಲ್ಪ ಹೊತ್ತು ನಿಂತು ಚಿತ್ರ ತೆಗೆಯಬೇಕು. ಸರ್ಕಾರದ ವಸತಿ ಯೋಜನೆಗಳಲ್ಲಿ ತಳಪಾಯ, ಛಾವಣಿ ಎಂದು ಹಂತಹಂತವಾಗಿ ಫೋಟೋ ತೆಗೆದು ಹಣ ಬಿಡುಗಡೆ ಮಾಡುವುದನ್ನು ನೀವು ನಿಮ್ಮ ಪಂಚಾಯಿತಿಯಲ್ಲಿ ಕಂಡಿರಬಹುದು. ಅದರ ಹಿಂದೆ ಇರುವುದೂ ಇದೇ ತತ್ವ.

ಆದರೆ ಫೋಟೋ ಎಲ್ಲವನ್ನೂ ಹೇಳಲಾರದು. ಮಳೆಗಾಲದಲ್ಲಿ ಎರಚಲು ತಡೆಯಲು ನಮ್ಮ ಮನೆಗಳ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಅಥವಾ ಪ್ಲಾಸ್ಟಿಕ್ ಹಾಳೆ ಕಟ್ಟಿರುತ್ತೇವೆ. ಚಿತ್ರದಲ್ಲಿ ತಟ್ಟಿ ಕಾಣುತ್ತದೆ, ಗೋಡೆ ಕಾಣುವುದಿಲ್ಲ. ಹಳೆಯ ಮನೆಯ ಕಂಬ ಹೊರಗೆ ನುಣುಪಾಗಿರುತ್ತದೆ, ಒಳಗೆ ಗೆದ್ದಲು ಹಿಡಿದಿರುತ್ತದೆ. ಬೆರಳಿನ ಗೆಣ್ಣಿನಿಂದ ಬಡಿದು ನೋಡಿದವರಿಗೆ ಮಾತ್ರ ಅದು ತಿಳಿಯುತ್ತದೆ. ಇನ್ನು ಒಡೆತನವಂತೂ ಯಾವ ಚಿತ್ರದಲ್ಲೂ ಕಾಣುವುದಿಲ್ಲ. ತೋಟದ ಮೇಲಿನ ಹಸಿರು ಗುಡ್ಡ ಮನೆಯವರದೇ ಎಂಬಂತೆ ಚಿತ್ರದಲ್ಲಿ ಬರಬಹುದು. ಅದು ಸೊಪ್ಪಿನ ಬೆಟ್ಟವಾಗಿದ್ದರೆ ತೋಟದವರಿಗೆ ಇರುವುದು ಗೊಬ್ಬರಕ್ಕಾಗಿ ಸೊಪ್ಪು, ತರಗೆಲೆ ತರುವ ಸವಲತ್ತು, ಮಾರುವ ಹಕ್ಕಲ್ಲ. ಅದನ್ನು ಬೆಲೆಯಲ್ಲಿ ಸೇರಿಸಿದರೆ ವರದಿಯೇ ತಪ್ಪಾಗುತ್ತದೆ. ಆದ್ದರಿಂದ ಪಹಣಿ, ಸರ್ವೆ ನಕ್ಷೆ, ಪಂಚಾಯಿತಿಯ ದಾಖಲೆ, ಕಣ್ಣಿನ ನೋಟ, ಫೋಟೋ ಎಲ್ಲವೂ ಒಟ್ಟಿಗೆ ಬೇಕು.

ಫೋಟೋ ತೆಗೆಯುವುದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ಮನೆ ಎಂದರೆ ಕಟ್ಟಡ ಮಾತ್ರವಲ್ಲ, ಅಲ್ಲಿ ಜನ ಬಾಳುತ್ತಾರೆ. ಒಳಗೆ ಹೋಗುವ ಮುನ್ನ ಕೇಳಬೇಕು. ದೇವರ ಕೋಣೆ, ಅಡುಗೆಮನೆಗಳಿಗೆ ಮನೆಯವರು ಹೇಳಿದಂತೆ ಹೋಗಬೇಕು. ಗೋಡೆ, ನೆಲ, ಛಾವಣಿ ಚಿತ್ರದಲ್ಲಿ ಬಂದರೆ ಸಾಕು. ಮಕ್ಕಳು, ಮಲಗಿರುವ ಹಿರಿಯರು, ತೆರೆದ ಬೀರು ಅದರಲ್ಲಿ ಬರಬೇಕಾಗಿಲ್ಲ. ಮನೆಯವರೂ ಈ ಚಿತ್ರಗಳು ಯಾರ ಕೈ ಸೇರುತ್ತವೆ ಎಂದು ಸಂಕೋಚವಿಲ್ಲದೆ ಕೇಳಬಹುದು.

ಇನ್ನು ದಾರಿಯ ಖರ್ಚಿಗೆ ಬರೋಣ. ಶಿವಮೊಗ್ಗದಿಂದ ಈ ಮೂರು ತಾಲ್ಲೂಕು ಕೇಂದ್ರಗಳು ಸುಮಾರು 60ರಿಂದ 75 ಕಿಲೋಮೀಟರ್ ದೂರದಲ್ಲಿವೆ. ಅಲ್ಲಿಂದ ಹಳ್ಳಿಯ ಮನೆ ಇನ್ನೂ 30–40 ಕಿಲೋಮೀಟರ್ ಆಚೆ ಇರಬಹುದು. ಮತ್ತೆ ಲೆಕ್ಕಕ್ಕಾಗಿಯೇ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಶಿವಮೊಗ್ಗದಲ್ಲಿರುವ ಮೌಲ್ಯಮಾಪಕರೊಬ್ಬರಿಗೆ ಒಂದು ವರದಿಗೆ 3,000 ರೂಪಾಯಿ ಶುಲ್ಕ. ಹೋಗಿ ಬರುವ ದಾರಿ 210 ಕಿಲೋಮೀಟರ್. ಕಿಲೋಮೀಟರಿಗೆ 10 ರೂಪಾಯಿಯಂತೆ ವಾಹನದ ಖರ್ಚು 2,100. ಇಡೀ ದಿನದ ದುಡಿಮೆಗೆ, ಆಮೇಲೆ ಕುಳಿತು ವರದಿ ಬರೆಯುವುದಕ್ಕೆ ಉಳಿಯುವುದು 900 ರೂಪಾಯಿ. ಮರ ಬಿದ್ದು ರಸ್ತೆ ಮುಚ್ಚಿ ಇನ್ನೊಂದು ದಿನ ಮತ್ತೆ ಹೋಗಬೇಕಾಗಿ ಬಂದರೆ ಖರ್ಚು 4,200. ಕೈಯಿಂದ 1,200 ನಷ್ಟ. ಅದೇ ಶುಲ್ಕಕ್ಕೆ ಶಿವಮೊಗ್ಗದ ಬಡಾವಣೆಯ ಮನೆಯನ್ನು ಒಂದು ಗಂಟೆಯಲ್ಲಿ ನೋಡಿ ಬರಬಹುದು.

ಹೀಗಿರುವಾಗ ಮೂರು ಬಗೆಯ ತಪ್ಪುಗಳಿಗೆ ದಾರಿಯಾಗುತ್ತದೆ. ಮೊದಲನೆಯದು, ಸ್ಥಳಕ್ಕೆ ಹೋಗದೆ ಮನೆಯವರಿಂದಲೇ ಫೋಟೋ ತರಿಸಿಕೊಂಡು ವರದಿ ಬರೆಯುವುದು. ಎರಡನೆಯದು, ದೂರದ ಹಳ್ಳಿಯ ಕೆಲಸವನ್ನು ಮುಂದಕ್ಕೆ ಹಾಕುತ್ತಲೇ ಇರುವುದು. ಅತ್ತ ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರ ಬರುತ್ತದೆ, ಇತ್ತ ಸಾಲ ಮಂಜೂರಾಗುವುದಿಲ್ಲ. ಮೂರನೆಯದು, ಸಾಲ ಕೇಳುವವರೇ ಕಾರು ಮಾಡಿಕೊಂಡು ಮೌಲ್ಯಮಾಪಕರನ್ನು ಕರೆತರುವುದು. ಇದು ಸಹಜ ಉಪಚಾರವೆಂದು ಕಾಣಬಹುದು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಪದ್ಧತಿ, ಅದರಲ್ಲಿ ದೋಷವಿಲ್ಲ. ಆದರೆ ಬೆಲೆ ಹೇಳಬೇಕಾದವರ ದಾರಿಯ ಖರ್ಚನ್ನು ಹೆಚ್ಚು ಬೆಲೆ ಬಯಸುವವರೇ ಕೈಯಾರೆ ಕೊಟ್ಟರೆ, ಆ ಬೆಲೆಯ ಮೇಲೆ ಮೂರನೆಯವರಿಗೆ ನಂಬಿಕೆ ಉಳಿಯುವುದು ಕಷ್ಟ.

ಪರಿಹಾರ ಏನು? ಸಾಲ ಪಡೆಯುವವರೇ ಕೊನೆಗೆ ಖರ್ಚು ಭರಿಸಿದರೂ, ಅದು ಬ್ಯಾಂಕಿನ ಮೂಲಕ, ಮೊದಲೇ ತಿಳಿಸಿದ ದರದಲ್ಲಿ, ರಶೀದಿಯೊಂದಿಗೆ ಸಂದಾಯವಾಗಬೇಕು. ಶುಲ್ಕ ಬೇರೆ, ಪ್ರಯಾಣದ ವೆಚ್ಚ ಬೇರೆ ಎಂದು ಎರಡು ಸಾಲಿನಲ್ಲಿ ಬರೆಯಬೇಕು. ಬೆಲೆ ಎಷ್ಟೇ ಬರಲಿ, ಸಾಲ ಸಿಗಲಿ ಬಿಡಲಿ, ಆ ವೆಚ್ಚ ಬದಲಾಗಬಾರದು. ಒಂದೇ ಹೋಬಳಿಯ ಮೂರು ನಾಲ್ಕು ಮನೆಗಳನ್ನು ಒಂದೇ ದಿನ ನೋಡುವಂತೆ ಬ್ಯಾಂಕಿನ ಶಾಖೆ ಏರ್ಪಾಡು ಮಾಡಿದರೆ ದಾರಿಯ ಖರ್ಚು ಹಂಚಿಹೋಗುತ್ತದೆ. ನಮ್ಮ ಲೆಕ್ಕದ 2,100 ರೂಪಾಯಿಯನ್ನು ಮೂರು ಮನೆಗಳಿಗೆ ಹಂಚಿದರೆ ತಲೆಗೆ 700 ಮಾತ್ರ. ಹಿಂದೆ ಕಂಡ 2 ಲಕ್ಷ 70 ಸಾವಿರದ ತಪ್ಪಿನ ಮುಂದೆ ಇದು ದೊಡ್ಡ ಮೊತ್ತವಲ್ಲ.

ದಾರಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ, ಬ್ಯಾಕೋಡು ಕಡೆಯ ಜನ ದಶಕಗಳ ಕಾಲ ಲಾಂಚನ್ನು ನಂಬಿ ಬದುಕಿದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಬಂದ ಅಧಿಕಾರಿಗೂ ಆಚೆಯ ದಡದಲ್ಲೇ ರಾತ್ರಿ, ಇಲ್ಲವೇ ದೂರದ ಸುತ್ತುದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅಂದಿನಿಂದ ಆಚೆ ದಡದ ಮನೆಯನ್ನು ನೋಡಲು ಲಾಂಚಿನ ವೇಳೆಗಾಗಿ ಕಾಯಬೇಕಾಗಿಲ್ಲ. ಸೇತುವೆಯಿಂದ ಪ್ರವಾಸಿಗಳಿಗೆ ಅನುಕೂಲವಾಯಿತೆಂದು ಎಲ್ಲರೂ ಹೇಳುತ್ತಾರೆ. ಆ ದಡದ ಮನೆಯ ಬೆಲೆ ಕಟ್ಟಲು ಬರುವವರ ದಾರಿಯೂ ಸುಗಮವಾಯಿತೆಂಬುದನ್ನು ನಾವು ಅದಕ್ಕೆ ಸೇರಿಸಿಕೊಳ್ಳಬಹುದು.

ಇದು ನಮ್ಮ ನಾಡಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದಲ್ಲಿ 2008ರ ಸುಮಾರಿಗೆ ಗೃಹಸಾಲಗಳು ಕುಸಿದು ಬ್ಯಾಂಕುಗಳು ಮುಳುಗಿದಾಗ, ಮನೆಗಳ ಉಬ್ಬಿಸಿದ ಬೆಲೆಗಳೂ ಚರ್ಚೆಗೆ ಬಂದವು. 2010ರ ಕಾನೂನಿನಲ್ಲಿ ಮೌಲ್ಯಮಾಪಕರ ಮೇಲೆ ಒತ್ತಡ ತರುವುದನ್ನು ನಿಷೇಧಿಸಿ, ಅವರಿಗೆ ಆಯಾ ಪ್ರದೇಶದಲ್ಲಿ ರೂಢಿಯಲ್ಲಿರುವ ನ್ಯಾಯವಾದ ಶುಲ್ಕವನ್ನೇ ಕೊಡಬೇಕೆಂದು ವಿಧಿಸಲಾಯಿತು. ಮನೆಯ ಮುಂಭಾಗ, ಹಿಂಭಾಗ, ಬೀದಿಯ ನೋಟದ ಚಿತ್ರಗಳು ಅಲ್ಲಿಯೂ ಕಡ್ಡಾಯವಾಗಿ ಬಂದಿವೆ. 2020ರ ಕೋವಿಡ್ ಕಾಲದಲ್ಲಿ ಮಾತ್ರ ಸ್ಥಳಕ್ಕೆ ಹೋಗದೆ ದಾಖಲೆಗಳಿಂದಲೇ ಬೆಲೆ ಕಟ್ಟಲು ಕೆಲವು ಸಾಲಗಳಿಗೆ ಅವಕಾಶ ಕೊಟ್ಟರು, ಆಮೇಲೆ ಅದನ್ನು ಮುಂದುವರಿಸಿದರು. ಮನೆಗಳ ಅಳತೆ, ಮಾರಾಟದ ವಿವರ ಎಲ್ಲವೂ ದಾಖಲೆಯಾಗಿರುವ ಕಡೆ ಇದು ನಡೆದೀತು. ಗೋಡೆಯ ಅರ್ಧ ಮಣ್ಣು, ಅರ್ಧ ಜಂಬಿಟ್ಟಿಗೆ ಇರುವ, ಒಂದೊಂದು ತಲೆಮಾರು ಒಂದೊಂದು ಕೋಣೆ ಸೇರಿಸಿದ ನಮ್ಮ ತೊಟ್ಟಿಮನೆಗಳಿಗೆ ಇದು ಹೊಂದುವುದಿಲ್ಲ.

ದಾಖಲೆ ಏಕೆ ಮುಖ್ಯ ಎಂಬುದನ್ನು ಈ ಸೀಮೆ ಬೇರೆ ರೀತಿಯಲ್ಲಿಯೂ ಕಲಿತಿದೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಮನೆ, ಗದ್ದೆ, ತೋಟಗಳು ನೀರಿನಡಿ ಸೇರಿದವು. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದರಲ್ಲಿ ಮುಳುಗಿತು. ನೀರು ತೀರ ಇಳಿದ ವರ್ಷಗಳಲ್ಲಿ ಅದು ಮೇಲೆ ಕಾಣುವುದುಂಟು. ಮನೆಗಳು ಹಾಗೆ ಮೇಲೆ ಬರುವುದಿಲ್ಲ. ಮುಳುಗಿದ ಜಗಲಿಯನ್ನು, ಕಂಬಗಳನ್ನು ಮತ್ತೆ ಅಳೆಯಲು ಯಾರಿಂದಲೂ ಆಗದು. ಮುಳುಗುವ ಮೊದಲು ಯಾರು ಬಂದು ಏನು ಬರೆದರೋ ಅಷ್ಟೇ ಉಳಿದದ್ದು. ಅಲ್ಲಿಂದ ಎದ್ದು ಬಂದ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ದಶಕಗಳ ಕಾಲ ಬಗೆಹರಿಯದೆ ಉಳಿಯಿತು. 2013ರ ಭೂಸ್ವಾಧೀನ ಕಾನೂನಿನಲ್ಲಿ ಕಟ್ಟಡಗಳ ಬೆಲೆಗೆ ಎಂಜಿನಿಯರುಗಳ, ಮರಗಿಡಗಳ ಬೆಲೆಗೆ ತೋಟಗಾರಿಕೆ, ಅರಣ್ಯ ಮುಂತಾದ ವಿಷಯಗಳ ಅನುಭವಿಗಳ ನೆರವು ಪಡೆಯಲು ಅವಕಾಶವಿದೆ. ಕಾನೂನು ಎಷ್ಟೇ ಚೆನ್ನಾಗಿದ್ದರೂ ಆ ಅನುಭವಿ ಸ್ಥಳಕ್ಕೆ ಬಂದು ನೋಡಿದರೆ ಮಾತ್ರ ಅದಕ್ಕೆ ಬೆಲೆ.

ಈ ವೃತ್ತಿಯಲ್ಲಿ ಆಸಕ್ತಿ ಇರುವವರಿಗೆ ಒಂದು ಮಾಹಿತಿ. ಕಂಪನಿ ಕಾನೂನಿನಡಿ 2017ರಲ್ಲಿ ಬಂದ ನಿಯಮಗಳಂತೆ, ಜಮೀನು ಮತ್ತು ಕಟ್ಟಡದ ನೋಂದಾಯಿತ ಮೌಲ್ಯಮಾಪಕರಾಗಲು ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯಂಥ ವಿಷಯದಲ್ಲಿ ಪದವಿ ಬೇಕು, ಅನುಭವ ಬೇಕು. ಆಮೇಲೆ ನಿಗದಿತ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿಯೇ ನೆಲೆಸಿ ಈ ಕೆಲಸ ಮಾಡುವವರು ಹೆಚ್ಚಿದರೆ ದಾರಿಯ ಖರ್ಚೂ ಇಳಿಯುತ್ತದೆ, ಸೊಪ್ಪಿನ ಬೆಟ್ಟವನ್ನೂ ಸ್ವಂತ ಜಮೀನನ್ನೂ ಬೇರೆಮಾಡಿ ನೋಡಬಲ್ಲ ಕಣ್ಣೂ ಸಿಗುತ್ತದೆ.

ಕೊನೆಯದಾಗಿ, ಈ ರಜೆಯಲ್ಲಿ ನೀವು ಮಾಡಬಹುದಾದ ಒಂದು ಅಭ್ಯಾಸ. ಹಿರಿಯರನ್ನು ಕೇಳಿ ನಿಮ್ಮ ಮನೆಯ ಪತ್ರದಲ್ಲಿರುವ ಚಕ್ಕುಬಂದಿಯನ್ನು ಓದಿ. ಅಂಗಳದಲ್ಲಿ ನಿಂತು ಆ ನಾಲ್ಕು ದಿಕ್ಕುಗಳ ಚಿತ್ರ ತೆಗೆಯಿರಿ. ಮನೆಯ ನಾಲ್ಕು ಮುಖ, ಛಾವಣಿ, ಬಾವಿ, ಮನೆಗೆ ಬರುವ ದಾರಿ, ಇವುಗಳ ಚಿತ್ರವನ್ನೂ ತೆಗೆದು ದಿನಾಂಕ ಬರೆದಿಡಿ. ಯಾವ ಕೋಣೆಯನ್ನು ಯಾವ ವರ್ಷ ಕಟ್ಟಿದರೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಸಾಲಕ್ಕೆ ಹೋಗುವಾಗ, ಪಾಲು ಮಾಡಿಕೊಳ್ಳುವಾಗ, ಗಾಳಿಮಳೆಗೆ ಮನೆ ಕುಸಿದು ಪರಿಹಾರ ಕೇಳುವಾಗ ಆ ಪುಟಗಳು ನಿಮ್ಮ ಕೈಹಿಡಿಯುತ್ತವೆ. ಮೌಲ್ಯಮಾಪಕರು ಬಂದ ದಿನ ಅವರಿಗೆ ಎಲ್ಲವನ್ನೂ ತೋರಿಸಿ, ಸೋರುವ ಮೂಲೆಯನ್ನೂ ಮುಚ್ಚಿಡದೆ ತೋರಿಸಿ. ಅವರ ದಾರಿಯ ಖರ್ಚಿಗೆ ರಶೀದಿ ಕೇಳಿ ಪಡೆಯಿರಿ.